ಡಿಲನ್ ದನಿ ಒಡೆದಿದೆ ಅನ್ನುವವರಿಗೆ

ಸಂಪಾದಕರೇ,

ಪುರವಣಿಯಲ್ಲಿ ಸಂಗೀತ ಅಂದರೆ ಸಿನಿಮಾ ಹಾಡು, ಇಲ್ಲವೇ ಕಛೇರಿ. ರಾಕ್‌ಗೂ ಸ್ವಲ್ಪ ಜಾಗ ಕೊಡಿ. ಕುಂಬಳೆಯಲ್ಲೂ ಕೇಳುವವರಿದ್ದೇವೆ!

ಅಮೆರಿಕದ ಹಾಡುಗಾರ, ಗೀತರಚನೆಕಾರ ಬಾಬ್ ಡಿಲನ್ ಅವರ ‘ಟೈಮ್ ಔಟ್ ಆಫ್ ಮೈಂಡ್’ ಆಲ್ಬಂ ಬಂದದ್ದು 1997ರ ಸೆಪ್ಟೆಂಬರಿನಲ್ಲಿ. ಆಗ ಅವರಿಗೆ 56. ಅದಕ್ಕೆ ಮುಂಚೆ ಏಳು ವರ್ಷ ಸ್ವಂತ ಹೊಸ ಹಾಡುಗಳ ಆಲ್ಬಂ ಇರಲಿಲ್ಲ. ಆ 1997ರ ಮೇ ತಿಂಗಳಲ್ಲಿ ಹೃದಯದ ಪೊರೆಯ ಉರಿಯೂತದಿಂದ ಆಸ್ಪತ್ರೆ ಸೇರಿದ್ದರಲ್ಲ, ಹಾಗಾಗಿ ಇವು ಸಾವನ್ನು ಹತ್ತಿರದಿಂದ ಕಂಡು ಬರೆದ ಹಾಡುಗಳು ಅಂತ ಈಗಲೂ ಹೇಳುವವರಿದ್ದಾರೆ. ಸುಮ್ನೆ ಮಾತು. ಮಯಾಮಿಯಲ್ಲಿ ರೆಕಾರ್ಡಿಂಗ್ ನಡೆದದ್ದು ಜನವರಿಯಲ್ಲೇ.

ದನಿ ಒಡೆದಿದೆ, ನಿಜ. ಆದರೆ ವಯಸ್ಸಾದ ಯಕ್ಷಗಾನ ಭಾಗವತರು ಬೆಳಗಿನ ಜಾವ ಕರುಣ ರಸದ ಪದ ಎತ್ತಿದಾಗ ನಾವು ಗಂಟಲಿನ ನಯ ನೋಡುತ್ತೇವಾ? ನಿರ್ಮಾಪಕ ಡೇನಿಯಲ್ ಲಾನ್ವಾ ಆ ದನಿಯ ಸುತ್ತ ಗಿಟಾರ್, ಆರ್ಗನ್, ಡ್ರಮ್ ಎಲ್ಲವನ್ನೂ ಮಬ್ಬಾಗಿ ತುಂಬಿದ್ದಾರೆ. ಡಿಲನ್‌ಗೇ ಅದು ಪೂರ್ತಿ ಹಿಡಿಸಲಿಲ್ಲ. 2023ರಲ್ಲಿ ಆ ಮಬ್ಬು ಕಳೆದ ಹೊಸ ಮಿಕ್ಸ್, ಅಂದರೆ ಅದೇ ರೆಕಾರ್ಡಿಂಗಿನ ದನಿ, ವಾದ್ಯಗಳನ್ನು ಮತ್ತೆ ಹೊಂದಿಸಿದ್ದು, ಬಂತು. ದನಿಯೇನೋ ಸ್ಪಷ್ಟ, ಆದರೂ ನನಗೆ ಹಳೆಯದೇ ಜಾಸ್ತಿ ಇಷ್ಟ, ಕತ್ತಲು ಇರಬೇಕಾದ ಹಾಡಿಗೆ ಟ್ಯೂಬ್‌ಲೈಟ್ ಯಾಕೆ ಅಲ್ವಾ? 16 ನಿಮಿಷ ದಾಟುವ ‘ಹೈಲ್ಯಾಂಡ್ಸ್’ಗೆ ಮಾತ್ರ ತಾಳ್ಮೆ ಬೇಕು.

ಗ್ರ್ಯಾಮಿ ವರ್ಷದ ಆಲ್ಬಂ ಪ್ರಶಸ್ತಿಯೂ ಇದಕ್ಕೇ ಬಂತು, 1998ರಲ್ಲಿ. ಇಂಥ ಆಲ್ಬಂಗಳ ಬಗ್ಗೆ ಕನ್ನಡದಲ್ಲಿ ಬರೆಸಿ, ಡಿಲನ್‌ಗೆ ನೊಬೆಲ್ ಬಂದ ದಿನ ಮಾತ್ರ ಅಲ್ಲ.

– ಓದುಗ, ಕುಂಬಳೆ, ಕಾಸರಗೋಡು