407ನ್ನು ಒಂದೇ ಸಲ ಬಿಚ್ಚಬೇಡ

ಪ್ರೀತಿಯ ಪುಟ್ಟನಿಗೆ, ನಿನ್ನ ಅತ್ತೆ ಮಾಡುವ ಆಶೀರ್ವಾದಗಳು.

ತೀರಿಹೋದ ನನ್ನ ಅಣ್ಣನ, ವರ್ಷಗಳಿಂದ ನಿಂತೇ ಇರುವ ಟಾಟಾ 407 ಸಣ್ಣ ಲಾರಿಯನ್ನು ಮನೆಯಲ್ಲೇ ರೆಡಿ ಮಾಡುವುದಾಗಿ ನೀನು ಫೋನಿನಲ್ಲಿ ಹೇಳಿದಾಗ ನನಗೆ ತುಂಬಾ ಸಂತೋಷವಾಯಿತು. ಸಂಬಳದಲ್ಲಿ ಉಳಿಸಿದ್ದರಲ್ಲೇ ಮಾಡುತ್ತೇನೆ, ಸಾಲ ಮಾಡಲ್ಲ ಅಂದೆಯಲ್ಲ, ಅದು ಇನ್ನೂ ಹಿಡಿಸಿತು. ಆದರೆ "ಮೊದಲು ಎಲ್ಲಾ ಬಿಚ್ಚಿ ಚಾಸಿಸ್ ಒಂದೇ ಉಳಿಸ್ತೀನಿ" ಅಂದೆ ನೋಡು, ಅಂದರೆ ಬರೀ ಅಡಿಯ ಕಬ್ಬಿಣದ ಚೌಕಟ್ಟು, ಅಲ್ಲಿ ನನಗೆ ದಿಗಿಲಾಯಿತು. ಫೋನಿನಲ್ಲಿ ಅರ್ಧಂಬರ್ಧ ಹೇಳುವ ವಿಷಯ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲಾ ಬಿಚ್ಚಬೇಡ. ಈ ಪತ್ರದಲ್ಲಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡ.

ನಾನು ಮೆಕ್ಯಾನಿಕ್ ಅಲ್ಲ. ತಿಪಟೂರಿನಲ್ಲಿ ನಿಮ್ಮ ಮಾವನ ಸ್ಪೇರ್ ಅಂಗಡಿಯ ಗಲ್ಲಾದಲ್ಲಿ ಕೂತು ವರ್ಷಗಟ್ಟಲೆ ಬಿಲ್ ಬರೆದವಳು. ಗಲ್ಲಾದಲ್ಲಿ ಕೂತವರಿಗೆ ಒಂದು ವಿಷಯ ಚೆನ್ನಾಗಿ ಕಾಣುತ್ತದೆ. ಹಳೇ ಗಾಡಿ ಎಬ್ಬಿಸಲು ಹೊರಟವರು ಮೊದಲ ಸಲ ಉದ್ದದ ಲಿಸ್ಟ್ ಹಿಡಿದುಕೊಂಡು ಬರುತ್ತಾರೆ. ಪಿಸ್ಟನ್ ಸೆಟ್, ಕ್ಲಚ್ ಪ್ಲೇಟ್, ಹೆಡ್‌ಲೈಟ್, ಎಲ್ಲಾ ಒಂದೇ ದಿನ ಬೇಕು. ಎರಡನೇ ಲಿಸ್ಟ್ ತರುವವರು ಬಹಳ ಕಡಿಮೆ. ಮನೆಯಲ್ಲಿ ಗಾಡಿ ಬಿಚ್ಚಿ ಹರಡಿರುತ್ತದೆ, ಕೈಯಲ್ಲಿ ದುಡ್ಡು ಮುಗಿದಿರುತ್ತದೆ. ಯಾವ ಬೋಲ್ಟ್ ಎಲ್ಲಿಯದು ಅಂತಲೂ ಮರೆತಿರುತ್ತದೆ. ಮಳೆಗಾಲ ಒಂದು ಕಳೆದರೆ ಮುಗಿಯಿತು, ಗುಜರಿಯವನು ಬಂದು ಕೆಜಿ ಲೆಕ್ಕದಲ್ಲಿ ತೂಗಿಕೊಂಡು ಹೋಗುತ್ತಾನೆ. ರಸ್ತೆಗೆ ಇಳಿದದ್ದೆಲ್ಲ ಬೇರೆ ಥರದವರ ಗಾಡಿಗಳು. ಅವರು ಈ ತಿಂಗಳು ಬ್ರೇಕ್ ಸಾಮಾನು ಮಾತ್ರ ಒಯ್ಯುತ್ತಿದ್ದರು, ಮುಂದಿನ ತಿಂಗಳು ಸ್ಟೇರಿಂಗಿನದು. ಒಂದು ಕೆಲಸ ಬಿಚ್ಚಿ, ಮುಗಿಸಿ, ಮುಚ್ಚಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕುತ್ತಿದ್ದರು. ದುಡ್ಡು ಎಲ್ಲಿ ನಿಂತರೂ ಅವರ ಗಾಡಿ ಗಾಡಿಯಾಗಿಯೇ ಇರುತ್ತಿತ್ತು.

ನಿನಗೆ ಸಿಕ್ಕಿರುವುದು ಒಳ್ಳೆಯ ಗಾಡಿ. 407 ಬಂದದ್ದು 1986ರಲ್ಲಿ. ಆಗ ಟಾಟಾ ಮೋಟಾರ್ಸ್‌ಗೆ ಟೆಲ್ಕೊ ಅಂತಿದ್ದರು. ಜಪಾನಿನವರ ಜೊತೆ ಸೇರಿ ಮಾಡಿದ ಡಿಸಿಎಂ ಟೊಯೊಟಾ, ಆಲ್ವಿನ್ ನಿಸ್ಸಾನ್ ಕೂಡ ಅದೇ ಕಾಲದಲ್ಲಿ ಓಡಾಡುತ್ತಿದ್ದವು. ಆ ಎರಡೂ ಹೆಸರಿನಲ್ಲಿ ಈಗ ಗಾಡಿ ಬರುವುದಿಲ್ಲ. ಅಣ್ಣ ಅವುಗಳಲ್ಲಿ ಒಂದನ್ನು ತಗೊಂಡಿದ್ದರೆ ನಾನೇ ನಿನಗೆ ಬೇಡ ಅಂತಿದ್ದೆ, ಯಾಕೆಂದರೆ ಒಂದೊಂದು ಸಾಮಾನಿಗೂ ಊರೂರು ಅಲೆಯಬೇಕಾಗುತ್ತಿತ್ತು. 407 ಇವತ್ತಿಗೂ ಬರುತ್ತಿದೆ. ಹೊಸದರ ಎಂಜಿನ್ ಬೇರೆ, ಹಾಗಾಗಿ ಎಲ್ಲವೂ ಕೂರುವುದಿಲ್ಲ. ನಿನ್ನದು 497 ಎಂಜಿನ್. ಅಂದರೆ ನಾಲ್ಕು ಸಿಲಿಂಡರ್, ಬೋರ್ (ಸಿಲಿಂಡರಿನ ಒಳ ಅಗಲ) 97 ಮಿಲಿಮೀಟರ್. ದೊಡ್ಡ ಲಾರಿಯ 697 ಅಂದರೆ ಅದೇ ಬೋರಿನ ಆರು ಸಿಲಿಂಡರ್. ಅಂಗಡಿಗೆ ಹೋದಾಗ ಬರೀ "407ದು ಕೊಡಿ" ಅನ್ನಬೇಡ. ಎಂಜಿನ್ ಹೆಸರು, ಗಾಡಿಯ ಇಸವಿ, ಚಾಸಿಸ್ ನಂಬರ್ ಮೂರನ್ನೂ ಹೇಳು. ಹಳೇ ಸಾಮಾನನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗು. ಹೊಸದು ಗಾಡಿಗೆ ಕೂರುವವರೆಗೆ ಹಳೆಯದನ್ನು ಎಸೆಯಬೇಡ.

ಸ್ಪ್ಯಾನರ್ ಹಿಡಿಯುವ ಮೊದಲು ಕಾಗದ ನೋಡು. ಅಣ್ಣನ ಹೆಸರಿನಲ್ಲೇ ಆರ್‌ಸಿ ಇದೆ ಅಲ್ವಾ? ಮಾಲೀಕರು ತೀರಿಕೊಂಡ ಮೇಲೆ ಹೆಸರು ಬದಲಿಸಲು ಫಾರಂ 31 ಅಂತ ಇದೆ. ಮೂರು ತಿಂಗಳೊಳಗೆ ಕೊಡಬೇಕಿತ್ತು, ಈಗ ತಡವಾಗಿದೆ. ಆದರೂ ಆರ್‌ಟಿಒಗೆ ಹೋಗಿ ಏನು ಕಟ್ಟಬೇಕು ಕೇಳು. ಗಾಡಿಯನ್ನು ಸಾಲದ ಮೇಲೆ ತಂದಿದ್ದು ನಿನಗೆ ಗೊತ್ತಿರಲಿಕ್ಕಿಲ್ಲ. ಅಣ್ಣ ಕಂತು ಪೂರ್ತಿ ಕಟ್ಟಿದ್ದ. ಆದರೆ ಆರ್‌ಸಿಯಲ್ಲಿ ಫೈನಾನ್ಸಿನವರ ಹೆಸರು ತೆಗೆಸಿದ್ದನೋ ಇಲ್ಲವೋ ನೋಡು. ತೆಗೆಸಿರದಿದ್ದರೆ ಅವರಿಂದ ಎನ್‌ಒಸಿ ಮತ್ತು ಸಾಲ ತೀರಿದೆ ಅನ್ನುವ ಫಾರಂ 35 ಬೇಕು. ಗಾಡಿ ನಿಲ್ಲಿಸಿದ್ದೇವೆ ಅಂತ ಬರೆದುಕೊಡದೆ ಹೋಗಿದ್ದರೆ ತೆರಿಗೆ ಬಾಕಿ ಬೆಳೆದಿರಬಹುದು. ಇದರ ಜೊತೆಗೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಸರ್ಟಿಫಿಕೇಟ್), ಇನ್ಶೂರೆನ್ಸ್, ಪರ್ಮಿಟ್. 15 ವರ್ಷ ದಾಟಿದ ಗಾಡಿಗಳ ಎಫ್‌ಸಿ ಶುಲ್ಕ 2022ರಿಂದ ಬಹಳ ಏರಿದೆ, ಎಫ್‌ಸಿಯನ್ನು ವರ್ಷಾ ವರ್ಷಾ ಮಾಡಿಸಬೇಕು. ವಿಂಟೇಜ್ ಗಾಡಿ ಅಂತ ರಿಜಿಸ್ಟರ್ ಮಾಡಿಸಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡ. 2021ರ ಆ ನಿಯಮ ಸ್ವಂತ ಬಳಕೆಯ ಬೈಕು, ಕಾರುಗಳಿಗೆ, ಅದೂ 50 ವರ್ಷ ದಾಟಿರಬೇಕು. ಈ ಖರ್ಚೆಲ್ಲಾ ಕೂಡಿಸಿ ನೋಡು. ಕಾಗದಕ್ಕೇ ನಿನ್ನ ಉಳಿತಾಯ ಪೂರ್ತಿ ಹೋಗುವ ಹಾಗಿದ್ದರೆ ಈ ವರ್ಷ ಕಾಗದ ಸರಿ ಮಾಡಿಸು, ಗಾಡಿಯನ್ನು ಮುಚ್ಚಿಡು. ಅದರಲ್ಲಿ ನಾಚಿಕೆ ಏನೂ ಇಲ್ಲ.

ಆಮೇಲೆ ಚಾಸಿಸ್. ಸಣ್ಣ ಸುತ್ತಿಗೆ ತಗೊಂಡು ಈ ತುದಿಯಿಂದ ಆ ತುದಿಯವರೆಗೆ ತಟ್ಟಿ ನೋಡು. ಗಟ್ಟಿ ಕಬ್ಬಿಣ ಗಣಗಣ ಅನ್ನುತ್ತದೆ. ತುಕ್ಕು ತಿಂದ ಕಡೆ ಸದ್ದು ಮಂಕಾಗುತ್ತದೆ, ಹಕ್ಕಳೆ ಉದುರುತ್ತದೆ. ಸ್ಪ್ರಿಂಗ್ ಪಟ್ಟಿ ಹಿಡಿದುಕೊಳ್ಳುವ ಬ್ರಾಕೆಟ್‌ಗಳ ಹತ್ತಿರ, ಅಡ್ಡಪಟ್ಟಿಗಳು ಸೇರುವ ಕಡೆ ಚೆನ್ನಾಗಿ ನೋಡು. ಅಲ್ಲಿ ಬಿರುಕಿದ್ದರೆ ಊರಿನ ಗೇಟು ಕಿಟಕಿ ಮಾಡುವ ವೆಲ್ಡರ್ ಕೈಗೆ ಕೊಡಬೇಡ, ಲಾರಿ ಚಾಸಿಸ್ ಕೆಲಸ ಮಾಡುವವರಿಗೇ ತೋರಿಸು. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ವೈರು, ಆಲ್ಟರ್ನೇಟರ್ ವೈರು ತೆಗೆದಿಡು. ಡೀಸೆಲ್ ಟ್ಯಾಂಕ್ ಖಾಲಿ ಇದ್ದರೂ ಅದಕ್ಕೆ ವೆಲ್ಡಿಂಗ್ ಬೇಡವೇ ಬೇಡ. ಒಳಗೆ ಉಳಿದ ಆವಿ ಸಾಕು ಸಿಡಿಯಲು. ಚಾಸಿಸ್ ನಂಬರ್ ಕೊರೆದಿರುವ ಜಾಗವನ್ನು ಗ್ರೈಂಡರ್‌ನಿಂದ ಉಜ್ಜಬೇಡ, ಅಲ್ಲಿ ಬಣ್ಣ ದಪ್ಪಗೆ ಬಳಿಯಲೂಬೇಡ. ಆರ್‌ಟಿಒದಲ್ಲಿ ಅದನ್ನು ಓದಲು ಆಗಬೇಕು.

ಈಗ ಬ್ರೇಕ್. ಎಲ್ಲರೂ ಮೊದಲು ಎಂಜಿನ್ ಸ್ಟಾರ್ಟ್ ಮಾಡಿ ಖುಷಿಪಡಲು ನೋಡುತ್ತಾರೆ. ಸ್ಟಾರ್ಟ್ ಆದ ಗಾಡಿಯನ್ನು ಅಂಗಳದಲ್ಲಿ ಒಂದು ಸುತ್ತು ಓಡಿಸದೆ ಯಾರ ಕೈಯಲ್ಲೂ ಇರಲು ಆಗುವುದಿಲ್ಲ. ನಿಮ್ಮನೆ ಅಂಗಳದಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಹಾಗಾಗಿ ಗಾಡಿ ಓಡುವ ಮೊದಲು ನಿಲ್ಲುವುದನ್ನು ಕಲಿಯಲಿ. ಇಷ್ಟು ವರ್ಷ ನಿಂತ ಗಾಡಿಯ ಬ್ರೇಕ್ ಆಯಿಲ್ ನೀರು ಹೀರಿಕೊಂಡಿರುತ್ತದೆ, ಒಳಗಿನಿಂದ ತುಕ್ಕು ಹಿಡಿಸಿರುತ್ತದೆ. ನಾಲ್ಕೂ ಚಕ್ರಗಳ ಬ್ರೇಕ್ ಡ್ರಮ್ ಬಿಚ್ಚು, ಆದರೆ ಒಂದೊಂದೇ ಬಿಚ್ಚು. ಎಡಗಡೆಯದು ಬಿಚ್ಚಿದಾಗ ಬಲಗಡೆಯದು ಜೋಡಿಸಿದಂತೆಯೇ ಇದ್ದರೆ ಸ್ಪ್ರಿಂಗ್ ಯಾವುದು ಎಲ್ಲಿ ಅಂತ ನೋಡಿಕೊಳ್ಳಬಹುದು. ಒಳಗಿನ ಧೂಳನ್ನು ಬಾಯಿಂದಲೋ ಏರ್ ಹೊಡೆದೋ ಊದಬೇಡ. ಹಳೇ ಬ್ರೇಕ್ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಮಾಸ್ಕ್ ಹಾಕಿಕೋ, ಒದ್ದೆ ಬಟ್ಟೆಯಿಂದ ಒರೆಸು, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಕು. ವೀಲ್ ಸಿಲಿಂಡರ್ (ಚಕ್ರದಲ್ಲಿ ಬ್ರೇಕ್ ಒತ್ತುವ ಸಣ್ಣ ಸಿಲಿಂಡರ್) ಒಳಗೆ ಬೆರಳಿಟ್ಟು ನೋಡು. ನುಣ್ಣಗಿದ್ದರೆ ರಬ್ಬರ್ ಕಿಟ್ ಸಾಕು. ಗುಳಿ ಬಿದ್ದಿದ್ದರೆ ಸಿಲಿಂಡರನ್ನೇ ಬದಲಿಸು, ಹೊಸ ರಬ್ಬರ್ ಹಾಕಿದರೂ ಸೋರುತ್ತದೆ. ಲೈನರ್ ಹಾಕಿಸುವುದು, ಡ್ರಮ್ ಲೇತಿಗೆ ಕೊಡುವುದು ಹೊರಗಿನ ಕೆಲಸ. ಪೈಪ್, ಹೋಸ್ ಎಲ್ಲಾ ಹೊಸದೇ ಹಾಕು.

ಮುಂದೆ ಎಂಜಿನ್ ಸ್ಟಾರ್ಟ್ ಆದ ದಿನ, ಬ್ರೇಕ್ ಒತ್ತಲು ಬಲ ಕೊಡುವ ಬೂಸ್ಟರ್ ಪರೀಕ್ಷೆ ಮಾಡು. ಎಂಜಿನ್ ಆಫ್ ಇದ್ದಾಗ ಪೆಡಲ್ ನಾಲ್ಕೈದು ಸಲ ಒತ್ತಿ ಗಟ್ಟಿಯಾಗಿಸು. ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡು. ಪೆಡಲ್ ಸ್ವಲ್ಪ ಕೆಳಗೆ ಇಳಿದರೆ ಬೂಸ್ಟರ್‌ಗೆ ವ್ಯಾಕ್ಯೂಮ್ ಬರುತ್ತಿದೆ ಅಂತ ಅರ್ಥ.

ಬ್ರೇಕ್ ಕೆಲಸ ಆಗುವಾಗಲೇ ಮುಂದಿನ ಚಕ್ರಗಳನ್ನು ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸು. ಆಟ ಇದ್ದರೆ ಬೇರಿಂಗೋ, ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕಿಂಗ್‌ಪಿನ್ನೋ ಸವೆದಿದೆ. ಸ್ಟೇರಿಂಗಿನ ಟೈ ರಾಡ್ ಎಂಡ್‌ಗಳನ್ನು ಗುಜರಿಯಲ್ಲಿ ಕೊಳ್ಳಬೇಡ. ಜಾಕ್ ಇರುವುದು ಎತ್ತಲು ಮಾತ್ರ. ಎತ್ತಿದ ಮೇಲೆ ಸ್ಟ್ಯಾಂಡ್ ಅಥವಾ ಗಟ್ಟಿ ಮರದ ದಿಮ್ಮಿ ಕೊಡದೆ ಗಾಡಿ ಕೆಳಗೆ ತಲೆ ಹಾಕಬೇಡ. ಕಲ್ಲು, ಇಟ್ಟಿಗೆ ಇಡಬೇಡ, ಒಡೆಯುತ್ತವೆ. ಒಬ್ಬನೇ ಇದ್ದಾಗ ಕೆಳಗೆ ನುಗ್ಗಬೇಡ, ಅತ್ತಿಗೆಗಾದರೂ ಹೇಳಿ ನುಗ್ಗು. ಟೈರುಗಳಲ್ಲಿ ಗ್ರಿಪ್ ಚೆನ್ನಾಗಿದೆ ಅಂದೆ. ಗ್ರಿಪ್ ನೋಡಿ ನಂಬಬೇಡ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2314 ಅಂತ ಇದ್ದರೆ 2014ರ 23ನೇ ವಾರ ತಯಾರಾದದ್ದು. ಅಷ್ಟು ಹಳೆಯದಾದರೆ ಅಂಗಳದಲ್ಲಿ ತಳ್ಳಲು ಸಾಕು, ರಸ್ತೆಗೆ ಬೇಡ. ಟೈರನ್ನು ಹಿಡಿದಿಡುವ ರಿಂಗ್ ಇರುವ ಡಿಸ್ಕಾದರೆ ನೀನು ಮುಟ್ಟಲೇಬೇಡ. ಗಾಳಿ ಇರುವಾಗ ರಿಂಗ್ ಹಾರಿದರೆ ಜೀವ ಹೋಗುತ್ತದೆ. ಪಂಕ್ಚರ್ ಅಂಗಡಿಯವರ ಹತ್ತಿರ ಅದಕ್ಕೆ ಬೇಕಾದ ಸಲಕರಣೆ ಇರುತ್ತದೆ.

ಇನ್ನು ಎಂಜಿನ್. ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆಯಬೇಡ. ಮೊದಲು ಟ್ಯಾಂಕಿನ ಹಳೇ ಡೀಸೆಲ್ ಬಸಿದು ತೊಳೆ. ಎಂಜಿನ್ ಆಯಿಲ್, ಫಿಲ್ಟರ್, ಡೀಸೆಲ್ ಫಿಲ್ಟರ್, ರೇಡಿಯೇಟರ್ ನೀರು ಬದಲಿಸು. ಡೀಸೆಲ್ ಚಿಮ್ಮಿಸುವ ನಾಜಲ್‌ಗಳನ್ನು ಬಿಚ್ಚಿ ಆ ತೂತಿನಲ್ಲಿ ಒಂದೊಂದು ಸಿಲಿಂಡರ್‌ಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಒಂದೆರಡು ದಿನ ಸುಮ್ನೆ ಬಿಡು. ಆಮೇಲೆ ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಮುಂದಿನ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲೇ ನಿಧಾನವಾಗಿ ತಿರುಗಿಸು. ಎರಡು ಸುತ್ತು ಸಲೀಸಾಗಿ ತಿರುಗಿದರೆ ನಿನ್ನ ಉಳಿತಾಯದ ದೊಡ್ಡ ಭಾಗ ಉಳಿಯಿತು ಅಂದುಕೋ. ಎಂಜಿನ್ ಬಿಚ್ಚುವುದೇ ಬೇಡ. ಸ್ಟಾರ್ಟ್ ಆದ ಮೇಲೆ ಹೊಗೆ ನೋಡಿ, ಆಯಿಲ್ ಎಷ್ಟು ಕುಡಿಯುತ್ತದೆ ನೋಡಿ ತೀರ್ಮಾನ ಮಾಡು. ಚೆನ್ನಾಗಿರುವ ಎಂಜಿನ್ನಿಗೆ ಬೋರಿಂಗ್ ಮಾಡಿಸಿ (ಸಿಲಿಂಡರ್ ಕೊರೆಸಿ) ದುಡ್ಡು ಕಳೆದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಒಂದು ಅಪಾಯ ಹೇಳಿಬಿಡುತ್ತೇನೆ. ಬಹಳ ಕಾಲ ನಿಂತ ಡೀಸೆಲ್ ಪಂಪಿನ ಒಳಗೆ ಡೀಸೆಲ್ ಅಳತೆ ಮಾಡುವ ರ‍್ಯಾಕ್ ಅಂಟಿಕೊಂಡಿರಬಹುದು. ಆಗ ಸ್ಟಾರ್ಟ್ ಆದ ಕೂಡಲೇ ಎಂಜಿನ್ ಕಿರುಚಿಕೊಂಡು ರೇಸ್ ಆಗುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ, ಸಿಡಿಯುವವರೆಗೂ ಓಡುತ್ತದೆ. ಸ್ಟಾರ್ಟ್ ಮಾಡುವ ಮೊದಲು ಪಂಪಿನ ಸ್ಟಾಪ್ ಲಿವರ್ ಸಲೀಸಾಗಿ ಆಡುತ್ತದಾ ನೋಡು. ಏರ್ ಫಿಲ್ಟರ್ ಪೈಪ್ ಕಳಚಿಟ್ಟು, ಗಾಳಿ ಎಳೆಯುವ ಬಾಯಿಗೆ ಅಡ್ಡ ಒತ್ತಲು ಒಂದು ದಪ್ಪ ಹಲಗೆ ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಲಿ. ರೇಸ್ ಆದರೆ ಹಲಗೆ ಒತ್ತಿ ಗಾಳಿ ನಿಲ್ಲಿಸಬೇಕು, ಕೈಯನ್ನು ಮಾತ್ರ ಅಡ್ಡ ಇಡಬಾರದು. ಲಿವರ್ ಆಡದಿದ್ದರೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ, ಪಂಪ್ ಬಿಚ್ಚಿ ಪಂಪ್ ಅಂಗಡಿಗೆ ಒಯ್ಯಿ. ನಮ್ಮ ಕಡೆ ಎಲ್ಲರೂ ಮೈಕೋ ಪಂಪ್ ಅನ್ನುತ್ತಾರಲ್ಲ, ಆ ಮೈಕೋ 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ, 2008ರಿಂದ ಅದಕ್ಕೆ ಬಾಷ್ ಅಂತಲೇ ಹೆಸರು. ಅದರ ಕೆಲಸ ಬಲ್ಲವರು ನಮ್ಮ ರಾಜ್ಯದಲ್ಲಿ ಊರೂರಲ್ಲೂ ಇದ್ದಾರೆ. ಪಂಪನ್ನು ಮನೆಯಲ್ಲಿ ಬಿಚ್ಚಬೇಡ. ಅದನ್ನು ಕ್ಯಾಲಿಬ್ರೇಶನ್ ಮಷೀನಿನ ಮೇಲೆ ಕೂರಿಸಿಯೇ ಸರಿ ಮಾಡಬೇಕು.

ನಿನ್ನ ದುಡ್ಡು ಉಳಿಯುವುದು ನಿನ್ನ ಮೈ ಕೆಲಸದಲ್ಲಿ. ತುಕ್ಕು ಕೆರೆಯುವುದು, ತೊಳೆಯುವುದು, ವೈರಿಂಗ್ ಹೊಸದಾಗಿ ಎಳೆಯುವುದು, ಗ್ರೀಸ್ ಹೊಡೆಯುವುದು, ಬಣ್ಣ, ಇದೆಲ್ಲ ನೀನೇ ಮಾಡು. ಲಾರಿಯ ಹಿಂದಿನ ಬಾಡಿ ಕಟ್ಟಲು ಹೊಸ ಹಲಗೆ ಕೊಳ್ಳಬೇಡ, ತೋಟದಲ್ಲಿ ಬಿದ್ದಿರುವ ಹಲಸಿನ ಮರ ಕೊಯ್ಯಿಸಿ ಒಣಗಲು ಹಾಕು. ಬಾಗಿಲು, ಗಾಜು, ಸೀಟಿನ ಫ್ರೇಮು, ಬಂಪರ್ ಗುಜರಿಯಲ್ಲೇ ತಗೋ. ಬೆಂಗಳೂರಿನ ಶಿವಾಜಿನಗರದಲ್ಲಿ ಹುಡುಕಿದರೆ ಸಿಗುತ್ತದೆ. ಬ್ರೇಕ್ ರಬ್ಬರ್, ಬೇರಿಂಗ್, ಫಿಲ್ಟರ್ ಮಾತ್ರ ಜೆ.ಸಿ. ರಸ್ತೆಯಲ್ಲಿ ಬಿಲ್ ಕೊಡುವ ಅಂಗಡಿಯಲ್ಲಿ ಅಸಲಿ ತಗೋ. ಅರ್ಧ ಬೆಲೆಗೆ ಅದೇ ಡಬ್ಬಿ ಸಿಗುತ್ತದೆ ಅಂದರೆ ಒಳಗಿರುವುದು ಅದೇ ಅಲ್ಲ.

ಲೆಕ್ಕದ ಪುಸ್ತಕ ಇಡು. ಕೈಯಲ್ಲಿ 100 ರೂಪಾಯಿ ಇದ್ದರೆ 60ಕ್ಕೆ ಮಾತ್ರ ಲಿಸ್ಟ್ ಮಾಡು. ಉಳಿದದ್ದು ಬಿಚ್ಚಿದ ಮೇಲೆ ಕಾಣುವುದಕ್ಕೆ ಬೇಕು, ಖಂಡಿತ ಬೇಕಾಗುತ್ತದೆ. ಒಂದು ಕೆಲಸ ಮುಚ್ಚುವವರೆಗೆ ಮುಂದಿನದಕ್ಕೆ ಸಾಮಾನು ತರಬೇಡ. ಬಿಚ್ಚುವ ಮೊದಲು ಫೋಟೊ ತೆಗೆ, ಬೋಲ್ಟುಗಳನ್ನು ಡಬ್ಬಿಗೆ ಹಾಕಿ ಚೀಟಿ ಅಂಟಿಸು. ಬಣ್ಣ ಎಲ್ಲಕ್ಕಿಂತ ಕೊನೆಗೆ. ಅಣ್ಣ ಕ್ಯಾಬಿನ್ ಮೇಲೆ ಬರೆಸಿದ್ದ ಅಕ್ಷರಗಳನ್ನು ಅಳಿಸುವ ಮೊದಲು ಅತ್ತಿಗೆಯನ್ನು ಕೇಳು. ಆ ಗಾಡಿಯಲ್ಲಿ ಅವರಿಬ್ಬರೂ ಕೊಬ್ಬರಿ ಹೇರಿಕೊಂಡು ಮಾರ್ಕೆಟ್ಟಿಗೆ ಬರುತ್ತಿದ್ದರು, ಅದರ ಮೇಲೆ ಅವರಿಗೂ ಹಕ್ಕಿದೆ.

ಈ ವಾರ ಗಾಡಿಗೆ ಕೈ ಹಾಕಬೇಡ. ಆರ್‌ಸಿ, ಚಾಸಿಸ್‌ನ ಎರಡೂ ಕಡೆ, ಟೈರುಗಳ ಅಂಕಿ, ಇಷ್ಟರ ಫೋಟೊ ವಾಟ್ಸಾಪ್ ಮಾಡು. ನಿಮ್ಮ ಮಾವ ನೋಡಿ ಬ್ರೇಕ್ ಸಾಮಾನಿನ ಲಿಸ್ಟ್ ಬರೆದುಕೊಡುತ್ತಾರೆ. ಜೆ.ಸಿ. ರಸ್ತೆಗೆ ಹೋಗುವ ದಿನ ಮೊದಲೇ ತಿಳಿಸು, ನಾನೂ ಬರುತ್ತೇನೆ.

ಇಂತಿ,
ನಿನ್ನ ಅತ್ತೆ