ಎಂಜಿನ್ ಹೆಡ್‌ಲೈಟ್ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಾಡೆಲ್ ರೈಲು ಎಂಜಿನ್‌ಗೆ ಎಲ್‌ಇಡಿ ಕೂರಿಸುವವರು ಬೆಸುಗೆ ಕಡ್ಡಿ ಕಾಯಿಸುವ ಮೊದಲು ಇದನ್ನು ಓದಿ.

3 ಎಂಎಂ ವಾರ್ಮ್ ವೈಟ್ ಎಲ್‌ಇಡಿ ತನ್ನಿ. ನೀಲಿ ಹೊಡೆಯುವ ಬಿಳಿ ಬೇಡ, ಹಳೇ ಎಂಜಿನ್ ಮುಖಕ್ಕೆ ಅದು ಒಪ್ಪುವುದೇ ಇಲ್ಲ. ಹಳಿಯಲ್ಲಿ 12 ವೋಲ್ಟ್, ಎಲ್‌ಇಡಿಗೆ ಬೇಕಾದದ್ದು ಸುಮಾರು 3. ಮಧ್ಯೆ 1 ಕೆ (ಸಾವಿರ ಓಮ್) ರೆಸಿಸ್ಟರ್ ಹಾಕಿದರೆ 9 ಮಿಲಿಆಂಪ್ ಹರಿಯುತ್ತದೆ, ಬೆಳಕು ಧಾರಾಳ. ಕಾಲು ವ್ಯಾಟ್‌ನದು ಸಾಕು.

ಡಿಸಿ ಹಳಿಯವರು (ಹಳಿಯ ವೋಲ್ಟೇಜ್‌ನಿಂದಲೇ ಎಂಜಿನ್ ಓಡಿಸುವವರು) ಹೆಚ್ಚು ಎಲ್‌ಇಡಿ ಸುಡುವುದು ಇಲ್ಲೇ: ಎಂಜಿನ್ ಹಿಂದಕ್ಕೆ ಹೊರಟಾಗ ಪ್ಲಸ್ ಮೈನಸ್ ಅದಲುಬದಲಾಗುತ್ತದೆ. ಎಲ್‌ಇಡಿ ತಡೆಯುವ ಉಲ್ಟಾ ವೋಲ್ಟೇಜ್ 5ರ ಆಸುಪಾಸು ಅಷ್ಟೆ. ಅದಕ್ಕೇ ಮುಂದಿನ ದೀಪದ ಉದ್ದ ಕಾಲಿಗೆ (ಅದೇ ಪ್ಲಸ್) ಹಿಂದಿನದರ ಗಿಡ್ಡ ಕಾಲು, ಗಿಡ್ಡಕ್ಕೆ ಉದ್ದ ಸೇರಿಸಿ, ಎರಡಕ್ಕೂ ಒಂದೇ ರೆಸಿಸ್ಟರ್ ಕೊಡಿ. ಉರಿಯುವ ದೀಪವೇ ಆರಿದ್ದಕ್ಕೆ ಕಾವಲು. ಒಂದೇ ದೀಪವಾದರೆ ಎರಡನೇ ದೀಪದ ಜಾಗಕ್ಕೆ 1ಎನ್4148 ಡಯೋಡ್ (ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಬಿಡಿಭಾಗ) ಉಲ್ಟಾ ಹಾಕಿ.

ಡಿಸಿಸಿಯಲ್ಲಿ (ಹಳಿಯ ಮೂಲಕ ಡಿಜಿಟಲ್ ಆಜ್ಞೆ ಕಳಿಸಿ ಎಂಜಿನ್ ಓಡಿಸುವ ಪದ್ಧತಿ) ಎಂಜಿನ್ ಒಳಗಿನ ಡಿಕೋಡರ್‌ನ ನೀಲಿ ವೈರ್ ಪ್ಲಸ್, ಬಿಳಿ ಮುಂದಿನ ದೀಪ, ಹಳದಿ ಹಿಂದಿನದು. ಪ್ರತಿ ದೀಪಕ್ಕೂ ಬೇರೆ ರೆಸಿಸ್ಟರ್.

ಬೆಸುಗೆ 3 ಸೆಕೆಂಡ್ ಮೀರದಿರಲಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಉಳಿದ ಫ್ಲಕ್ಸ್ (ಬೆಸುಗೆ ಹಿಡಿಯಲು ಬಳಸುವ ಅಂಟು ಪದಾರ್ಥ) ತೇವ ಹೀರಿ, ತಂತಿಯ ತುದಿ ಹಸಿರುಗಟ್ಟಿ, ದೀಪ ಮಿಣುಕತೊಡಗುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ ತಿಕ್ಕಿ, ಪೂರ್ತಿ ಒಣಗಿದ ಮೇಲೆಯೇ ಹೀಟ್‌ಶ್ರಿಂಕ್ ಟ್ಯೂಬ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಕೊಳವೆ) ಏರಿಸಿ.

ಪ್ಲಾಸ್ಟಿಕ್ ಬಾಡಿಯ ಒಳಮೈಗೆ ಎರಡು ಕೋಟ್ ಕಪ್ಪು ಬಣ್ಣ ಬಳಿಯಿರಿ. ಇಲ್ಲದಿದ್ದರೆ ಎಂಜಿನ್ ಮೂತಿಯೆಲ್ಲ ಲಾಟೀನಿನಂತೆ ಹೊಳೆಯುತ್ತದೆ.