ಕುದುರೆಯಲ್ಲಿ ಪಾಲು ತಗೊಂಡ ಅಳಿಯನಿಗೆ

ಸಾಗರ ಸೀಮೆಯಿಂದ

ಚಿ. ಅಪ್ಪಿಗೆ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಡಿಕೆ ಕೊನೆ ಕೊಯ್ಲು ಮುಗಿಯುತ್ತಾ ಬಂತು. ಎಲೆಚುಕ್ಕೆ ರೋಗ ಬಂದು ಈ ಸಲ ಬೆಳೆ ಕಮ್ಮಿ. ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗುತ್ತಾ ಇದೆ. ಆಕಾಶದಲ್ಲಿ ಒಂದು ಮೋಡ ಕಂಡರೆ ಸಾಕು, ನಿನ್ನ ಅತ್ತೆ ನನ್ನ ಕೈಗೆ ಟಾರ್ಪಾಲು ಕೊಟ್ಟು ಓಡಿಸುತ್ತಾಳೆ.

ಮೊನ್ನೆ ನಿನ್ನ ಅಮ್ಮ ಬಂದಿದ್ದಳು. ನಿನ್ನ ಪಾಲಿನ ರಾಶಿ ಅಡಿಕೆಯನ್ನು ದರ ನೋಡುತ್ತಾ ಕೂರದೆ ಈಗಲೇ ಮಾರಿ ದುಡ್ಡು ಕಳಿಸು ಅಂದೆಯಂತೆ. ಕುದುರೆಯಲ್ಲಿ ಇನ್ನೊಬ್ಬರ ಪಾಲು ಬಿಕರಿಗೆ ಬಂದಿದೆ, ಅದನ್ನೂ ತಗೊಂಡರೆ ನಿನ್ನ ಕಾಲು ಪಾಲು ಅರ್ಧ ಆಗುತ್ತದೆ ಅಂತ. ಪಾಪ, ಅವಳಿಗೆ ಹೂಂ ಅನ್ನಲೂ ಆಗದು, ಉಹೂಂ ಅನ್ನಲೂ ಆಗದು. "ಅಣ್ಣಾ, ನೀನು ದನದ ಡಾಕ್ಟರು ಆಗಿದ್ದವ, ಕುದುರೆ ವಿಷಯ ನಿನಗೆ ಗೊತ್ತಿರ್ತದೆ, ನೀನೇ ಹೇಳು" ಅಂದಳು. ಫೋನಿನಲ್ಲಿ ನೀನು ನನಗೆ ಪೂರ್ತಿ ಮಾತಾಡಲು ಬಿಡುವುದಿಲ್ಲ. ಅದಕ್ಕೇ ಈ ಕಾಗದ.

ಮೊದಲೇ ಹೇಳಿಬಿಡುತ್ತೇನೆ, ಕುದುರೆ ಬೇಡ ಅಂತ ನಾನು ಅನ್ನುವುದಿಲ್ಲ. ಊರಿನಲ್ಲಿ ಕೆಲವರು "ಕುದುರೆ ಬಾಲಕ್ಕೆ ದುಡ್ಡು ಕಟ್ಟಿದ" ಅಂತ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವರಲ್ಲೇ ಇಬ್ಬರು ದಿನಾ ಸಂಜೆ ಪೇಟೆಗೆ ಹೋಗಿ ಓಸಿ (ಮಟ್ಕಾ) ನಂಬರ್ ಬರೆಸುವವರು. ನಾನು ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಓದುವಾಗ ಕುದುರೆಯ ಕಾಲನ್ನು ಮೂಳೆ ಮೂಳೆಯಾಗಿ ಬಿಡಿಸಿ ನೋಡಿದವನು. ಮುಂಗಾಲಿನ ಮಂಡಿಯ ಕೆಳಗೆ ಮಾಂಸವೇ ಇಲ್ಲ. ಬರೀ ಮೂಳೆ, ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ), ಚರ್ಮ. ಐನೂರು ಕಿಲೋ ಹತ್ತಿರದ ಮೈ. ಜೋರಾಗಿ ಓಡುವಾಗ ಒಂದೊಂದು ಕ್ಷಣ ಅದರ ಎರಡು ಪಟ್ಟಿಗಿಂತ ಜಾಸ್ತಿ ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಅದಕ್ಕೆ ಬಾಯಿಂದ ಉಸಿರಾಡಲು ಬರುವುದಿಲ್ಲ, ಹೊಟ್ಟೆ ಕೆಟ್ಟರೆ ವಾಂತಿ ಮಾಡಲೂ ಬರುವುದಿಲ್ಲ. ಇಷ್ಟು ನಾಜೂಕಾದ ಪ್ರಾಣಿ ಅಷ್ಟು ಜೋರಾಗಿ ಓಡುತ್ತದಲ್ಲ ಅಂತ ನನಗೆ ಇವತ್ತಿಗೂ ಆಶ್ಚರ್ಯ. ಅದರ ಮೇಲೆ ನಿನಗೆ ಮನಸ್ಸಾದದ್ದು ತಪ್ಪಲ್ಲ.

ನನ್ನ ತಕರಾರು ಬೇರೆ. ಮದುವೆಗೆ ಅಂತ ಬೆಂಗಳೂರಿಗೆ ಬಂದಾಗ ನನ್ನನ್ನು ರೇಸ್‌ಕೋರ್ಸ್ ರಸ್ತೆಗೆ ಕರೆದುಕೊಂಡು ಹೋಗಿದ್ದೆಯಲ್ಲ, ಆ ದಿನದ್ದು. ನೀನು ಆಟ ನೋಡುತ್ತಿದ್ದೆ, ನಾನು ನಿನ್ನನ್ನು ನೋಡುತ್ತಿದ್ದೆ.

ಪ್ಯಾಡಕ್ಕಿನಲ್ಲಿ, ಅಂದರೆ ಓಟಕ್ಕೆ ಮೊದಲು ಕುದುರೆಗಳನ್ನು ನಡೆಸಿ ತೋರಿಸುವ ಅಂಗಳದಲ್ಲಿ, ನೀನು ಚೆನ್ನಾಗಿದ್ದೆ. ಕುದುರೆ ನೋಡಿಕೊಳ್ಳುವ ಸಯೀಸ ನಿಮ್ಮ ಹೆಣ್ಣು ಕುದುರೆಯನ್ನು ಸುತ್ತು ಹಾಕಿಸುತ್ತಿದ್ದ. ನೀವು ನಾಲ್ಕು ಜನ ಪಾಲುದಾರರು ಟ್ರೇನರ್ ಜೊತೆ ಮಧ್ಯದಲ್ಲಿ ನಿಂತಿದ್ದಿರಿ. ಅದರ ಅಮ್ಮ ಯಾವುದು, ಅಪ್ಪ ಯಾವುದು, ಹೋದ ಸಲ ಕೊನೆಯ ಇನ್ನೂರು ಮೀಟರಿನಲ್ಲಿ ಹೇಗೆ ಎಳೆಯಿತು, ಎಲ್ಲ ನನಗೆ ಹೇಳಿದೆ. ಕುದುರೆಯ ಕುತ್ತಿಗೆಯಲ್ಲಿ ಬೆವರು ಜಾಸ್ತಿ ಇತ್ತು. ತೋರಿಸಿದೆ. "ಅದಕ್ಕೆ ಗಾಬರಿ ಮಾವಾ, ಜನ ಕಂಡರೆ ಹಾಗೇ" ಅಂದೆ. ಅಲ್ಲಿಯವರೆಗೆ ನೀನು ಒಬ್ಬ ಒಡೆಯ.

ಜಾಕಿ ಹತ್ತಿದ, ಕುದುರೆ ಓಟ ಶುರುವಾಗುವ ಗೇಟಿನ ಕಡೆ ಹೋಯಿತು, ನೀನು ಬುಕ್ಕಿಗಳ ಕಡೆ ಹೋದೆ. ಅಲ್ಲಿಂದ ಬೇರೆ ಮನುಷ್ಯ. ಸಾವಿರದ ಇನ್ನೂರು ಮೀಟರಿನ ಓಟ, ಒಂದೂಕಾಲು ನಿಮಿಷವೂ ಇಲ್ಲ. ನಿಮ್ಮದು ನಾಲ್ಕನೆಯದಾಗಿ ಬಂತು. ಕೆಟ್ಟ ಓಟವೇನಲ್ಲ. ಆಮೇಲೆ ನೀನು ಮಾಡಿದ್ದು ನೆನಪಿದೆಯಾ? ಕೈಯಲ್ಲಿದ್ದ ಚೀಟಿ ಹರಿದು, ರೇಸ್ ಬುಕ್ಕಿನ ಮುಂದಿನ ಪುಟ ತೆರೆದೆ. ನಾನು ಮಾತ್ರ ಬೇಲಿಯ ಹತ್ತಿರ ಹೋಗಿ ನೋಡಿದೆ. ಸಯೀಸ ಅದನ್ನು ನಡೆಸಿಕೊಂಡು ಹೋಗುವಾಗ ಬಲ ಮುಂಗಾಲನ್ನು ಸ್ವಲ್ಪ ಜಾಗ್ರತೆಯಿಂದ ಊರುತ್ತಿತ್ತು. ನಿನಗೆ ಹೇಳಲು ಬಂದೆ. ನೀನು ಯಾರೋ ಕೊಟ್ಟ ಟಿಪ್ ಹಿಡಿದು, ಕ್ಲಬ್ಬೇ ಬೆಟ್ ತಗೊಳ್ಳುವ ಟೋಟಿನ ಸಾಲಿನಲ್ಲಿ ನಿಂತಿದ್ದೆ. ಆ ಕುದುರೆಯನ್ನು ನೀನು ಪ್ಯಾಡಕ್ಕಿನಲ್ಲಿ ನೋಡಿಯೂ ಇರಲಿಲ್ಲ. ಮುಂದಿನದಕ್ಕೆ ದುಪ್ಪಟ್ಟು. ಅದರ ಮುಂದಿನದಕ್ಕೆ ನನ್ನ ಹತ್ತಿರ "ಮಾವಾ, ನಗದು ಎಷ್ಟಿದೆ" ಅಂತ ಕೇಳಿದೆ. ನಾನು ಇಲ್ಲ ಅಂದೆ. ಇತ್ತು.

ಕಾರಿನಲ್ಲಿ ವಾಪಸ್ ಬರುವಾಗ ನೀನು ಒಂದು ಮಾತು ಹೇಳಿದೆ: "ಇದು ಜೂಜಲ್ಲ, ಕೌಶಲ ಅಂತ ಸುಪ್ರೀಂ ಕೋರ್ಟೇ ಹೇಳಿದೆ." ಹೌದು, 1996ರಲ್ಲಿ ಹೇಳಿದೆ. ಕುದುರೆಯ ತಳಿ, ತರಬೇತಿ, ಜಾಕಿಯ ಕೈಚಳಕ ಎಲ್ಲ ಸೇರಿ ಗೆಲುವು ತೀರ್ಮಾನ ಆಗುತ್ತದೆ, ಅದನ್ನು ಅಳೆಯಲು ಬುದ್ಧಿ ಬೇಕು ಅಂತ. ಒಪ್ಪಿದೆ. ಆಟಕ್ಕೆ ಕೌಶಲ ಬೇಕು ಅಂದರೆ ಆಡುವವರಿಗೆಲ್ಲ ಅದು ಇದೆ ಅಂತ ಅಲ್ವಲ್ಲ. ಹಗ್ಗ ಹಾಕಿ ಅಡಿಕೆ ಮರ ಹತ್ತುವುದೂ ಕೌಶಲವೇ. ನಿನ್ನನ್ನು ಹತ್ತಿಸುತ್ತೇವಾ?

ನಳನ ಕಥೆ ಚಿಕ್ಕಂದಿನಲ್ಲಿ ಎಷ್ಟು ಸಲ ಕೇಳಿದ್ದೀಯ. ನಮ್ಮ ಮನೆಯ ಜಗುಲಿಯಲ್ಲಿ ತಾಳಮದ್ದಳೆ ನಡೆದಾಗ ನೀನು ನನ್ನ ಕಾಲ ಮೇಲೆ ಮಲಗಿ ಕೇಳಿದವನು. ಕುದುರೆ ವಿದ್ಯೆಯಲ್ಲಿ ನಳನಿಗೆ ಸಮ ಯಾರೂ ಇಲ್ಲ. ಕುದುರೆಯ ಮನಸ್ಸೇ ಅವನಿಗೆ ಗೊತ್ತು. ಅಂಥವನು ಪುಷ್ಕರನ ಜೊತೆ ಪಗಡೆಗೆ ಕೂತು ರಾಜ್ಯ ಕಳೆದುಕೊಂಡ. ಮುಂದೆ ಗುರುತು ಮರೆಸಿ, ಬಾಹುಕ ಅನ್ನುವ ಹೆಸರಿನಲ್ಲಿ ಋತುಪರ್ಣ ರಾಜನ ರಥ ಹೊಡೆಯುತ್ತಾನಲ್ಲ, ಆಗ ಋತುಪರ್ಣ ದಾರಿಯ ತಾರೆ ಮರವನ್ನು ಒಂದು ಸಲ ನೋಡಿ ಎಲೆ ಎಷ್ಟು, ಕಾಯಿ ಎಷ್ಟು ಅಂತ ಹೇಳುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿದರೆ ಲೆಕ್ಕ ಸರಿ! ಆಗ ನಳ ಅಶ್ವಹೃದಯ (ಕುದುರೆಯ ವಿದ್ಯೆ) ಕೊಟ್ಟು ಋತುಪರ್ಣನಿಂದ ಅಕ್ಷಹೃದಯ (ದಾಳದ ವಿದ್ಯೆ) ಕಲಿತ. ಕುದುರೆ ಗೊತ್ತಿರುವುದು ಒಂದು ವಿದ್ಯೆ, ಪಣದ ಲೆಕ್ಕ ಗೊತ್ತಿರುವುದು ಇನ್ನೊಂದು. ನಳನಂಥವನೇ ಎರಡನೆಯದನ್ನು ಬೇರೆಯಾಗಿ ಕಲಿಯಬೇಕಾಯಿತು.

ಋತುಪರ್ಣ ಬೇರೆ ಯಾರೂ ಅಲ್ಲ, ತೋಟದ ಫಸಲನ್ನು ಗುತ್ತಿಗೆ ಹಿಡಿಯುವ ನಮ್ಮ ಚೇಣಿಯವನೇ. ಕೊಯ್ಲಿಗೆ ಮೊದಲು ಬಂದು, ತೋಟದಲ್ಲಿ ಒಂದು ಸುತ್ತು ಹಾಕಿ, ಮೇಲೆ ನೋಡಿ, ಇಷ್ಟು ಕ್ವಿಂಟಾಲ್ ಅನ್ನುತ್ತಾನೆ. ಬಹಳ ಸಲ ಅವನ ಲೆಕ್ಕವೇ ಹತ್ತಿರ ಬರುತ್ತದೆ. ನಮ್ಮ ಲೆಕ್ಕ ಯಾವಾಗಲೂ ಒಂದೆರಡು ಕ್ವಿಂಟಾಲ್ ಜಾಸ್ತಿ. ಯಾಕೆ? ಮರ ನಮ್ಮದು. ನೆಟ್ಟವರು, ಗೊಬ್ಬರ ಹಾಕಿದವರು, ಮಳೆಯಲ್ಲಿ ನಿಂತು ಬೋರ್ಡೋ ಔಷಧಿ ಹೊಡೆಸಿದವರು ನಾವು. ನಮ್ಮ ಕಣ್ಣಿಗೆ ಕೊನೆ ದೊಡ್ಡದಾಗಿಯೇ ಕಾಣುತ್ತದೆ. ನಿನ್ನ ಕುದುರೆಯ ಮೇಲೆ ನೀನು ಬೆಟ್ ಕಟ್ಟುವುದು ಇದೇ ಕಣ್ಣಿನಿಂದ. ಬುಕ್ಕಿಗೆ ಅದರ ಅಮ್ಮ ಯಾವುದಾದರೂ ಒಂದೇ.

"ಒಳಗಿನ ಸುದ್ದಿ ನನಗೆ ಸಿಗ್ತದೆ ಮಾವಾ" ಅಂದೆ. ಏನು ಸುದ್ದಿ? ಟ್ರೇನರ್ "ಚಾನ್ಸ್ ಇದೆ" ಅಂದ. ಅವನು ಒಡೆಯನಿಗೆ ಇನ್ನೇನು ಅಂದಾನು? ಅದಕ್ಕೂ ಮೊದಲು ಬೆಳಗಿನ ಓಟದಲ್ಲಿ ಸವಾರಿ ಮಾಡಿದವನಿಗೆ ಗೊತ್ತು, ಸಯೀಸನಿಗೆ ಗೊತ್ತು, ಬೇಲಿಯಾಚೆ ಗಡಿಯಾರ ಹಿಡಿದು ನಿಂತವನಿಗೆ ಗೊತ್ತು. ನಿನ್ನ ಹತ್ತಿರ ಬರುವಾಗ ಅದು ಆಗಲೇ ದರದಲ್ಲಿ, ಅಂದರೆ ಗೆದ್ದರೆ ಎಷ್ಟು ಕೊಡುತ್ತಾರೆ ಅನ್ನುವುದರಲ್ಲಿ, ಸೇರಿಹೋಗಿರುತ್ತದೆ. ನೀವು ನಾಲ್ಕು ಜನ, ನಿಮ್ಮ ಸ್ನೇಹಿತರು, ಆಫೀಸಿನವರು ಎಲ್ಲ ಅದೇ ಕುದುರೆಗೆ ಕಟ್ಟಿದರೆ ದರ ಇನ್ನೂ ಇಳಿಯುತ್ತದೆ. ಟೋಟಿನಲ್ಲಂತೂ ಕಟ್ಟಿದವರ ದುಡ್ಡೇ ಒಂದು ರಾಶಿ. ಅದರಿಂದ ಮೊದಲು ಕ್ಲಬ್ಬು ತನ್ನ ಪಾಲು ತೆಗೆದುಕೊಂಡು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತದೆ. ಮೇಲಿಂದ ಹ್ಯಾಂಡಿಕ್ಯಾಪ್. ನಿಮ್ಮ ಕುದುರೆ ಒಂದು ಸಲ ಗೆದ್ದರೆ ರೇಟಿಂಗ್ ಏರುತ್ತದೆ, ಮುಂದಿನ ಸಲ ಬೆನ್ನಿಗೆ ಜಾಸ್ತಿ ತೂಕ. ಎಲ್ಲವೂ ಒಟ್ಟಿಗೆ ಗೆರೆ ದಾಟಬೇಕು ಅಂತಲೇ ಆ ತೂಕ ಹಾಕುವುದು. ಅದಕ್ಕೆ ಅಂತಲೇ ಸಂಬಳ ಕೊಟ್ಟು ಒಬ್ಬರನ್ನು ಇಟ್ಟಿರುತ್ತಾರೆ. ಜಾಕಿಗಳು ಬೆಟ್ ಕಟ್ಟುವ ಹಾಗೇ ಇಲ್ಲ. ನನ್ನ ಕೈಯಲ್ಲಿದ್ದರೆ ಒಡೆಯರಿಗೂ ಆ ನಿಯಮ ಹಾಕುತ್ತಿದ್ದೆ.

ಈಗ ತೆರಿಗೆ. ಇದನ್ನು ನೀನು ಲೆಕ್ಕವೇ ಮಾಡಿಲ್ಲ ಅಂತ ನನಗೆ ಅನುಮಾನ. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಹಣದ ಮೇಲೆ 28% ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ರಿಂದ ಅದು 40% ಆಯಿತು. ಅಂದರೆ 100 ರೂಪಾಯಿ ಬೆಟ್ಟಿಗೆ ಜೇಬಿನಿಂದ ಹೋಗುವುದು 140. ಒಂದಕ್ಕೊಂದು ದರದ ಕುದುರೆ ಗೆದ್ದರೆ ಬರುವುದು 200, ಲಾಭ 60. ಸೋತರೆ ನಷ್ಟ 140. ಹತ್ತು ಸಲ ಕಟ್ಟಿ ಏಳು ಸಲ ಗೆದ್ದೆ ಅನ್ನು. ಏಳು ಅರವತ್ತು 420 ಬಂತು, ಮೂರು ನೂರಾ ನಲವತ್ತು 420 ಹೋಯಿತು. ಏಳು ಗೆದ್ದರೂ ಕೈ ಖಾಲಿ! ಒಂದಕ್ಕೊಂದು ದರ ಅಂದರೆ ಎರಡರಲ್ಲಿ ಒಂದು ಸಲ ಗೆದ್ದೀತು ಅಂತ ಅಷ್ಟೇ. ಇನ್ನು ದೊಡ್ಡದಾಗಿ ಗೆದ್ದೆ ಅಂತಿಟ್ಟುಕೋ. ಗೆಲುವು 10,000 ದಾಟಿದರೆ 30% ಆದಾಯ ತೆರಿಗೆ ಅಲ್ಲೇ ಹಿಡಿಯುತ್ತಾರೆ. ಸೋತದ್ದನ್ನು ತೋರಿಸಿ ಕಳೆಯಲು ಬರುವುದಿಲ್ಲ.

ಒಡೆಯನಿಗೆ ಕಾನೂನು ಸ್ವಲ್ಪ ಮೆತ್ತಗಿದೆ. ರೇಸ್ ಕುದುರೆ ಸಾಕುವುದರಲ್ಲಿ ಆದ ನಷ್ಟವನ್ನು ಅದೇ ಬಾಬ್ತಿನ ಬಹುಮಾನದ ಆದಾಯದಿಂದ ಕಳೆಯಬಹುದು, ಉಳಿದದ್ದನ್ನು 4 ವರ್ಷ ಮುಂದಕ್ಕೆ ಒಯ್ಯಬಹುದು. ಬೆಟ್ಟಿನಲ್ಲಿ ಹೋದದ್ದಕ್ಕೆ ಅದೂ ಇಲ್ಲ. ನೋಡು, ಸರ್ಕಾರಕ್ಕೇ ಗೊತ್ತು ಇವು ಎರಡು ಬೇರೆ ಕಸುಬು ಅಂತ. ಇನ್ನೊಂದು ತಮಾಷೆ. ಅಡಿಕೆ ಬೆಳೆದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ತೆರಿಗೆ ಇಲ್ಲದ ದುಡ್ಡನ್ನು ಸಾಗರದಿಂದ ಬೆಂಗಳೂರಿಗೆ ತರಿಸಿಕೊಂಡು, ನೂರಕ್ಕೆ ನಲವತ್ತು ಹಿಡಿಯುವ ಕಿಟಕಿಯಲ್ಲಿ ಹಾಕುತ್ತೀಯ. ನಿನ್ನ ಅಜ್ಜ ಇದ್ದಿದ್ದರೆ ಬೈಯುತ್ತಿರಲಿಲ್ಲ, ನಕ್ಕುಬಿಡುತ್ತಿದ್ದರು.

ಹಾಗಾಗಿ ಅಡಿಕೆ ಈಗ ಮಾರುವುದು ಬೇಡ ಅಂತ ನಿನ್ನ ಅಮ್ಮನಿಗೆ ಹೇಳಿದ್ದೇನೆ. ಕೋಪ ಬಂದರೆ ನನ್ನ ಮೇಲೆ ಮಾಡಿಕೋ. ಇರುವ ಕಾಲು ಪಾಲನ್ನು ಇಟ್ಟುಕೋ. ಅದರ ತಿಂಗಳ ಖರ್ಚು ಎಷ್ಟು, ಟ್ರೇನಿಂಗ್, ಲಾಳ, ಡಾಕ್ಟರು, ಸಾಗಾಟ ಎಲ್ಲ ಸೇರಿ, ಒಂದು ಪುಸ್ತಕದಲ್ಲಿ ಬರೆ. ಕುದುರೆ ಓಡಿದರೂ ಓಡದಿದ್ದರೂ ಆ ಖರ್ಚು ತಪ್ಪುವುದಿಲ್ಲ. ಸಂಬಳದಲ್ಲಿ ಅದು ನಡೆಯುತ್ತದಾದರೆ ಸಂತೋಷ, ಕಾರು ಇಟ್ಟವರೂ ಖರ್ಚು ಮಾಡುತ್ತಾರೆ. ಬೆಟ್ಟಿಗೆ ಇನ್ನೊಂದು ಪುಸ್ತಕ. ಅದರಲ್ಲಿ ಗೆದ್ದದ್ದನ್ನು ಮಾತ್ರ ಬರೆಯಬೇಡ. ನಿನ್ನ ಕುದುರೆ ಓಡುವ ದಿನ ಅದರ ಓಟ ನೋಡು, ಮುಗಿದ ಮೇಲೆ ಲಾಯಕ್ಕೆ ಹೋಗು. ಉಳಿದ ಓಟಗಳಿಗೆ ನೀನು ಅಲ್ಲಿ ನಿಲ್ಲಬೇಕಾದ ಕೆಲಸವೇ ಇಲ್ಲ. ಫೋನಿನಲ್ಲಿ ಬೆಟ್ ತಗೊಳ್ಳುವವರ ಸಹವಾಸವಂತೂ ಬೇಡವೇ ಬೇಡ. ಕ್ಲಬ್ಬಿನ ಒಳಗೆ ಕಟ್ಟಿದರೆ ದುಡ್ಡು ಹೋಗುತ್ತದೆ, ಅಲ್ಲಿ ಕಟ್ಟಿದರೆ ಪೊಲೀಸರೂ ಬರುತ್ತಾರೆ.

ಪಾಲುದಾರರ ಜೊತೆ ಕರಾರು ಬರಹದಲ್ಲಿ ಇದೆಯಾ? ಈಗ ಒಬ್ಬರು ಪಾಲು ಮಾರಲು ಹೊರಟದ್ದು ಯಾಕೆ ಅಂತ ಕೇಳಿದೆಯಾ? ಕುದುರೆ ಕುಂಟಿದರೆ ಆರೈಕೆಯ ಖರ್ಚು ಯಾರದು, ಮಾರಬೇಕಾದರೆ ಎಷ್ಟು ಜನ ಒಪ್ಪಬೇಕು, ಓಟ ನಿಲ್ಲಿಸಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಹೆಣ್ಣು ಕುದುರೆ, ತಳಿ ಚೆನ್ನಾಗಿದ್ದರೆ ಯಾವುದಾದರೂ ಫಾರಂನವರು ಕೇಳಬಹುದು. ಕೇಳದಿದ್ದರೆ? ಕುದುರೆ ಇಪ್ಪತ್ತೈದು ವರ್ಷ ಬದುಕುತ್ತದೆ, ಓಡುವುದು ನಾಲ್ಕೈದು ವರ್ಷ. ಉಳಿದ ವರ್ಷಗಳ ಹುಲ್ಲು ಯಾರು ಹಾಕುವುದು ಅಂತ ಈಗಲೇ ಮಾತಾಡಿಕೊಳ್ಳಿ. ಇನ್ನೊಂದು ಪಾಲು ತಗೊಂಡರೆ ಈ ಜವಾಬ್ದಾರಿಯೂ ದುಪ್ಪಟ್ಟು ಅನ್ನುವುದು ನಿನ್ನ ಲೆಕ್ಕದಲ್ಲಿ ಇರಲಿಲ್ಲ, ಅಲ್ವಾ?

ಆ ಬಲ ಮುಂಗಾಲು ನನ್ನ ತಲೆಯಿಂದ ಹೋಗಿಲ್ಲ. ಟ್ರೇನರ್ ಹತ್ತಿರ ಹೇಳಿ ಟೆಂಡನ್ನಿಗೆ ಒಂದು ಅಲ್ಟ್ರಾಸೌಂಡ್ ಮಾಡಿಸು. ಅದಕ್ಕೂ ಮೊದಲು ನೀನೇ ಲಾಯಕ್ಕೆ ಹೋಗಿ, ಸಯೀಸ ಹಿಡಿದುಕೊಂಡಿರುವಾಗ, ಎರಡೂ ಮುಂಗಾಲಿನ ಹಿಂಬದಿಗೆ ಕೈ ಇಟ್ಟು ನೋಡು. ಒಂದು ಇನ್ನೊಂದಕ್ಕಿಂತ ಬೆಚ್ಚಗಿದ್ದರೆ, ಸ್ವಲ್ಪ ಊದಿದ್ದರೆ, ಮುಂದಿನ ಓಟಕ್ಕೆ ಹೆಸರು ಕೊಡಬೇಡಿ. ಟೆಂಡನ್ ಹರಿದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ರಿಪೋರ್ಟ್ ವಾಟ್ಸಾಪಿನಲ್ಲಿ ಕಳಿಸು. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಸಂಜೆ ಗುಡ್ಡದ ಮೇಲಿನ ಗೇರು ಮರದ ಹತ್ತಿರ ಹೋಗಿ ನೋಡುತ್ತೇನೆ. ಅತ್ತೆ ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ ತೆಗೆದಿಟ್ಟಿದ್ದಾಳೆ, ಅಮ್ಮನ ಕೈಯಲ್ಲಿ ಬಸ್ಸಿಗೆ ಕೊಟ್ಟು ಕಳಿಸುತ್ತೇವೆ.

ಇಂತಿ,
ನಿನ್ನ ಮಾವ